ಪಕ್ಕದ ಶೆಡ್ಡಿನ ನಂಟು: ಪೀಣ್ಯದ ಶಾಫ್ಟು, ಬರ್ಮಿಂಗ್‌ಹ್ಯಾಮಿನ ಬಂದೂಕು

(ಬರ್ಮಿಂಗ್‌ಹ್ಯಾಮಿನ ಕನ್ನಡಿಗರ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)



ಊಟ ಆದ ಮೇಲೆ, ಅದೂ ಬಿಸಿಬೇಳೆ ಬಾತ್ ಊಟ ಆದ ಮೇಲೆ, ಕಾರ್ಖಾನೆಗಳ ಬಗ್ಗೆ ಮಾತಾಡು ಅಂತ ನನ್ನನ್ನ ನಿಲ್ಲಿಸಿದ್ದೀರಿ. ಯಾರಾದರೂ ತೂಕಡಿಸಿದರೆ ನಾನೇನೂ ಬೇಜಾರು ಮಾಡ್ಕೊಳ್ಳಲ್ಲ!

ವಿಷಯ ಇಷ್ಟೇ. ಕಳೆದ ಸಲ ನಾವೆಲ್ಲ ಸೇರಿದಾಗ ಕರ್ನಾಟಕದ ಉದ್ದಿಮೆಗಳ ಮಾತು ಬಂತು. ಆಗ ಒಬ್ಬರು ಕೇಳಿದ್ರು: "ಪೀಣ್ಯದಲ್ಲಿ ಬಾಡಿಗೆ ಜಾಸ್ತಿ, ರಸ್ತೆ ತುಂಬಾ ಗುಂಡಿ, ಟ್ರಾಫಿಕ್ ಬೇರೆ. ತುಮಕೂರಿನ ಆಚೆ ಸರ್ಕಾರ ಎಕರೆಗಟ್ಟಲೆ ಜಾಗ ಮಾಡಿಕೊಟ್ಟಿದೆ. ಈ ಸಣ್ಣ ಕಾರ್ಖಾನೆಯವರು ಅಲ್ಲಿಗೆ ಹೋಗೋದು ಬಿಟ್ಟು ಇಲ್ಲೇ ಯಾಕೆ ಒದ್ದಾಡ್ತಾರೆ?" ಅದಕ್ಕೆ ಇನ್ನೊಬ್ಬರು, "ಬೆಂಗಳೂರು ಬಿಟ್ಟು ಹೋಗೋಕೆ ಯಾರಿಗೂ ಮನಸ್ಸಿಲ್ಲ ಕಣ್ರೀ, ಅಷ್ಟೇ" ಅಂದ್ರು. ಆವತ್ತು ಹೊತ್ತಾಗಿತ್ತು, ನಾನು ಸುಮ್ಮನಾದೆ. ಇವತ್ತು ಹೇಳ್ತೀನಿ: ಅವರಿಗೆ ಬಿಡೋಕೆ ಆಗದೇ ಇರೋದು ಬೆಂಗಳೂರನ್ನಲ್ಲ, ಪಕ್ಕದ ಶೆಡ್ಡನ್ನ.

ಸಾಫ್ಟ್‌ವೇರಿಗೆ ಬರೋ ಮುಂಚೆ ನಾನು ಮೆಕ್ಯಾನಿಕಲ್ ಓದಿದವನು. ಪಾಸಾದ ಮೇಲೆ ಒಂದು ವರ್ಷ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ ಮಾಡಿದೆ. ಹೆಸರಿಗೆ ಪ್ರೊಡಕ್ಷನ್ ಇಂಜಿನಿಯರ್. ಅರ್ಧ ದಿನ ಡ್ರಾಯಿಂಗ್ ನೋಡೋದು, ಇನ್ನರ್ಧ ದಿನ ಲಗೇಜ್ ಆಟೋದಲ್ಲಿ ಡ್ರೈವರ್ ಪಕ್ಕ ಕೂತು ಮಾಲು ತಲುಪಿಸೋದು. ನಮ್ಮಲ್ಲಿ ಇದ್ದದ್ದು ಲೇತುಗಳು ಮಾತ್ರ, ಅಂದರೆ ಟರ್ನಿಂಗ್ ಕೆಲಸ. ಆದರೆ ಗಿರಾಕಿಗೆ ಬೇಕಾದ್ದು ಪೂರ್ತಿ ತಯಾರಾದ ಶಾಫ್ಟು. ನಲವತ್ತು ಶಾಫ್ಟಿನ ಒಂದು ಆರ್ಡರ್ ಅಂತಿಟ್ಕೊಳ್ಳಿ. ನಮ್ಮಲ್ಲಿ ಟರ್ನಿಂಗ್ ಆದ ಮೇಲೆ ಕೀ ಕೂರೋ ಗಾಡಿ ಕೊರೆಸೋಕೆ ಮಿಲ್ಲಿಂಗ್ ಮಾಡೋರ ಹತ್ರ ಕಳಿಸಬೇಕು. ವಾಪಸ್ ಬಂದ ಮೇಲೆ ಅಳತೆ ನೋಡಿ ಹೀಟ್ ಟ್ರೀಟ್‌ಮೆಂಟಿಗೆ. ಅಲ್ಲಿಂದ ಬಂದ ಮೇಲೆ ಗ್ರೈಂಡಿಂಗಿಗೆ. ಆಮೇಲೆ ಪ್ಲೇಟಿಂಗಿಗೆ. ನಾಲ್ಕು ಕೆಲಸ, ನಾಲ್ಕು ಬೇರೆ ಬೇರೆ ಮಾಲೀಕರು. ಪ್ರತಿ ಸಲ ಮಾಲು ಹೋಗಿ ನಮ್ಮಲ್ಲಿಗೆ ವಾಪಸ್ ಬರಬೇಕು, ಪ್ರತಿ ಸಲ ಒಂದು ಡೆಲಿವರಿ ಚಲನ್. ಒಟ್ಟು ಎಂಟು ಓಡಾಟ. ಈ ನಾಲ್ಕೂ ಶೆಡ್ಡುಗಳು ನಮ್ಮಿಂದ ಎರಡು ಕಿಲೋಮೀಟರ್ ಒಳಗೇ ಇದ್ದವು. ಇದಕ್ಕೆ ಪೀಣ್ಯದಲ್ಲಿ ಎಲ್ಲರೂ ಹೇಳೋದು ಜಾಬ್ ವರ್ಕ್ ಅಂತ.

ಈಗ ಲೆಕ್ಕ ಹಾಕಿ. ಎಂಟು ಓಡಾಟ, ಎರಡೆರಡು ಕಿಲೋಮೀಟರ್ ಅಂದ್ರೂ ಹದಿನಾರು ಕಿಲೋಮೀಟರು. ನಮ್ಮ ಕಾರ್ಖಾನೆ ಒಂದೇ ಎದ್ದು ಎಪ್ಪತ್ತು ಕಿಲೋಮೀಟರ್ ದೂರ ಹೋಗಿ ಕೂತರೆ ಅದೇ ನಲವತ್ತು ಶಾಫ್ಟಿಗೆ ಐನೂರ ಅರವತ್ತು ಕಿಲೋಮೀಟರು! ಅಲ್ಲಿ ಉಳಿಸಿದ ಬಾಡಿಗೆಯನ್ನೆಲ್ಲ ಡೀಸೆಲ್ಲು ಕುಡಿದುಬಿಡುತ್ತೆ. ನಲವತ್ತರ ಬದಲು ನಲವತ್ತು ಸಾವಿರ ಶಾಫ್ಟು, ಪ್ರತಿ ತಿಂಗಳೂ ಅದೇ ಅಳತೆ ಅಂದ್ರೆ ಲೆಕ್ಕ ಬೇರೆ. ಆಗ ಲಾರಿ ತುಂಬಾ ಕಳಿಸಬಹುದು, ಒಂದೊಂದು ಶಾಫ್ಟಿನ ಮೇಲೆ ಬೀಳೋ ಸಾಗಾಣಿಕೆ ಖರ್ಚು ಪೈಸೆಗಳಲ್ಲಿರುತ್ತೆ.

ಆದರೆ ಸಾಗಾಣಿಕೆ ಖರ್ಚೇ ಎಲ್ಲ ಅಲ್ಲ. ಒಂದು ಸಲ ಗ್ರೈಂಡಿಂಗ್ ಶೆಡ್ಡಿಂದ ಫೋನ್ ಬಂತು: "ಸಾರ್, ನಿಮ್ಮ ಶಾಫ್ಟೆಲ್ಲ ಬಾಳೆಕಾಯಿ ಆಗಿವೆ." ಅಂದರೆ ಹೀಟ್ ಟ್ರೀಟ್‌ಮೆಂಟಿನಲ್ಲಿ ಬಗ್ಗಿವೆ, ಗ್ರೈಂಡಿಂಗಿಗೆ ಅಂತ ನಾವು ಬಿಟ್ಟಿದ್ದ ದಪ್ಪ ಸಾಲಲ್ಲ. ನಮ್ಮ ಮಾಲೀಕರು ಬೈಕ್ ಹತ್ತಿದ್ರು, ಹಿಂದೆ ನಾನು. ದಾರಿಯಲ್ಲಿ ಹೀಟ್ ಟ್ರೀಟ್‌ಮೆಂಟಿನವರನ್ನೂ ಕರ್ಕೊಂಡು ಹೋದ್ವಿ. ಡಯಲ್ ಗೇಜ್ ಇಟ್ಟು ಒಂದೊಂದೇ ಶಾಫ್ಟು ತಿರುಗಿಸಿ ನೋಡಿದ್ವಿ. ಫರ್ನೇಸಿನಲ್ಲಿ ಮಲಗಿಸಿದ್ರಾ, ನೇತು ಹಾಕಿದ್ರಾ, ಸ್ಟೀಲ್ ಎಲ್ಲಿಂದ ತಂದಿದ್ದು ಅಂತ ಸ್ವಲ್ಪ ಜೋರು ಮಾತಾಯ್ತು, ಟೀ ಆಯ್ತು. ಬಗ್ಗಿದ್ದನ್ನ ಪ್ರೆಸ್ಸಿನಲ್ಲಿ ನೆಟ್ಟಗೆ ಮಾಡೋದು, ಮುಂದಿನ ಬ್ಯಾಚು ನೇತು ಹಾಕಿ ಕಾಯಿಸೋದು, ನಾವು ಇನ್ನು ಮೇಲೆ ಸ್ವಲ್ಪ ದಪ್ಪ ಜಾಸ್ತಿ ಬಿಡೋದು ಅಂತ ತೀರ್ಮಾನ ಆಯ್ತು. ಇಷ್ಟಕ್ಕೆ ಒಂದು ಗಂಟೆ. ಯಾವ ಡ್ರಾಯಿಂಗಿನಲ್ಲೂ ಈ ಮಾತು ಬರೆದಿರಲ್ಲ, ಯಾವ ಪರ್ಚೇಸ್ ಆರ್ಡರಿನಲ್ಲೂ ಇರಲ್ಲ. ಇದೇ ಸಮಸ್ಯೆ ದೂರದ ಊರಿನವರ ಜೊತೆ ಆಗಿದ್ದಿದ್ರೆ? ವಾರಗಟ್ಟಲೆ ಫೋನು, "ತಪ್ಪು ನಮ್ಮದಲ್ಲ" ಅನ್ನೋ ಮೇಲುಗಳು, ಕೊನೆಗೆ ಗಿರಾಕಿಯೇ ಕೈ ತಪ್ಪಿ ಹೋಗ್ತಿದ್ದ.

ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ, ಇಂಟರ್‌ಫೇಸ್ ಸ್ಪಷ್ಟವಾಗಿ ಬರೆದಿದ್ರೆ ಎರಡು ಮಾಡ್ಯೂಲುಗಳನ್ನ ಭೂಮಿಯ ಎರಡು ತುದಿಯಲ್ಲಿ ಕೂತು ಬರೀಬಹುದು. ಇಂಟರ್‌ಫೇಸೇ ದಿನಾ ಬದಲಾಗ್ತಿದ್ರೆ ಇಬ್ಬರೂ ಒಂದೇ ಮೇಜಿಗೆ ಬರಬೇಕು. ಕಾರ್ಖಾನೆಗಳ ಕತೆಯೂ ಇದೇ.

ಇದು ಪೀಣ್ಯದ ವಿಶೇಷ ಅಂದ್ಕೋಬೇಡಿ. ಇದರ ಹಳೇ ಉದಾಹರಣೆ ನಾವು ಕೂತಿರೋ ಈ ಊರಲ್ಲೇ ಇದೆ. ಸ್ಟೀಲ್‌ಹೌಸ್ ಲೇನ್ ದಾಟಿ ಉತ್ತರಕ್ಕೆ ಹೋದರೆ ಸಿಗೋ ಜಾಗಕ್ಕೆ ಗನ್ ಕ್ವಾರ್ಟರ್ ಅಂತ ಹೆಸರು. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿ ಬಂದೂಕು ತಯಾರಾಗ್ತಿತ್ತು, ಆದರೆ ಎಲ್ಲವನ್ನೂ ಒಂದೇ ಸೂರಿನಡಿ ಮಾಡೋ "ಬಂದೂಕಿನ ಕಾರ್ಖಾನೆ" ಅನ್ನೋದು ಅಲ್ಲಿ ಸಾಮಾನ್ಯವಾಗಿ ಇರ್ತಿರಲಿಲ್ಲ! ನಳಿಗೆ ಮಾಡೋನು ಒಬ್ಬ, ಲಾಕ್ ಮಾಡೋನು ಇನ್ನೊಬ್ಬ, ಕುದುರೆ ಅಂದರೆ ಟ್ರಿಗರ್ ಮಾಡೋನು ಮತ್ತೊಬ್ಬ, ಮರದ ಹಿಡಿ ಕೂರಿಸೋನು, ನಳಿಗೆಗೆ ಬಣ್ಣ ಕೊಡೋನು, ಪಾಲಿಶ್ ಮಾಡೋನು, ಚಿತ್ತಾರ ಕೆತ್ತೋನು, ಹೀಗೆ ಪಟ್ಟಿ ಉದ್ದ ಇದೆ. ಬಂದೂಕು ಮಾರೋ ಯಜಮಾನನ ಹತ್ರ ಸಾಮಾನ್ಯವಾಗಿ ಇರ್ತಿದ್ದದ್ದು ಒಂದು ಉಗ್ರಾಣ. ಅವನು ಬಿಡಿಭಾಗ ಕೊಂಡು, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸ್ತಾ ಹೋಗ್ತಿದ್ದ. ಇದನ್ನ ಜಿ. ಸಿ. ಆಲೆನ್ ಅನ್ನೋ ಅರ್ಥಶಾಸ್ತ್ರಜ್ಞ 1929ರ ತನ್ನ ಪುಸ್ತಕದಲ್ಲಿ ವಿವರವಾಗಿ ಬರೆದಿದ್ದಾನೆ. ಓದ್ತಾ ಇದ್ರೆ ಇದು ನಮ್ಮ ಪೀಣ್ಯ ಸೆಕೆಂಡ್ ಸ್ಟೇಜ್ ಅಲ್ವಾ ಅನ್ಸುತ್ತೆ, ಲಗೇಜ್ ಆಟೋ ಒಂದು ಇಲ್ಲ ಅಷ್ಟೇ.

ಇಷ್ಟೆಲ್ಲ ಕೈ ದಾಟಬೇಕಾದ ಮಾಲು ಊರೆಲ್ಲ ಸುತ್ತೋಕೆ ಆಗಲ್ಲ. ಅದಕ್ಕೇ ಎಲ್ಲರೂ ಕೆಲವೇ ಬೀದಿಗಳಲ್ಲಿ ಒತ್ತೊತ್ತಾಗಿ ಕೂತ್ರು. ಬರ್ಮಿಂಗ್‌ಹ್ಯಾಮಿನ ಈ ಬಂದೂಕು ಕೇರಿ, ಒಡವೆ ಕೇರಿಗಳ ಬಗ್ಗೆ ಎಂ. ಜೆ. ವೈಸ್ ಅನ್ನೋ ಭೂಗೋಳದ ವಿದ್ವಾಂಸ 1949ರಲ್ಲಿ ಒಂದು ಪ್ರಬಂಧ ಬರೆದ. ಒಂದು ಊರಿನ ಒಳಗೇ ಯಾವ ಉದ್ದಿಮೆ ಯಾವ ಬೀದಿಗೆ ಯಾಕೆ ಸೇರುತ್ತೆ ಅಂತ ತಿಳಿಯೋಕೆ ಇವತ್ತಿಗೂ ಒಳ್ಳೇ ದಾರಿ ಅದು.

ಇನ್ನು ಮುಂದಿನ ಕತೆ ಕೇಳಿ, ಮುಖ್ಯ ಇರೋದು ಇಲ್ಲೇ. 1861ರಲ್ಲಿ ಇಲ್ಲಿನ ಬಂದೂಕಿನ ಯಜಮಾನರಲ್ಲಿ ಕೆಲವರು ಸೇರಿ ಬಿಎಸ್‌ಎ ಕಂಪನಿ ಕಟ್ಟಿದ್ರು. ಹೌದು, ಆಮೇಲೆ ಮೋಟಾರ್‌ಸೈಕಲ್ ಮಾಡಿದ ಅದೇ ಬಿಎಸ್‌ಎ. ಯಂತ್ರದಲ್ಲೇ ಬಿಡಿಭಾಗ ಮಾಡಬೇಕು, ಯಾವ ಭಾಗ ಯಾವ ಬಂದೂಕಿಗಾದರೂ ಕೂರಬೇಕು ಅನ್ನೋದು ಅವರ ಲೆಕ್ಕ. ಅವರು ಜಾಗ ಹುಡುಕಿದ್ದು ಗನ್ ಕ್ವಾರ್ಟರಿನಲ್ಲಿ ಅಲ್ಲ, ಆಗ ಊರಿನ ಅಂಚಲ್ಲಿದ್ದ ಸ್ಮಾಲ್ ಹೀತ್‌ನಲ್ಲಿ, 25 ಎಕರೆ. ಭಾಗಗಳೆಲ್ಲ ಒಂದೇ ಅಳತೆಗೆ ಬಂದ ಮೇಲೆ ಉಜ್ಜಿ ಕೂರಿಸೋ ಪಕ್ಕದ ಮನೆಯವನು ಬೇಕಿಲ್ಲ. ಆಗ ಬೇಕಾಗೋದು ಅಗಲವಾದ ಜಾಗ, ರೈಲು. ಸೈನ್ಯಕ್ಕೆ ಬೇಕಾದ ಸಾವಿರಾರು ರೈಫಲ್ಲು ಊರ ಹೊರಗೆ ಹೋಯ್ತು. ಒಬ್ಬೊಬ್ಬ ಗಿರಾಕಿಗೆ ಒಂದೊಂದು ಥರ ಮಾಡೋ ಬೇಟೆ ಬಂದೂಕು ಹಳೇ ಬೀದಿಯಲ್ಲೇ ಉಳೀತು. ಒಂದೇ ಊರು, ಒಂದೇ ಉದ್ದಿಮೆ, ಎರಡು ಜಾಗ!

1980ರ ದಶಕದಲ್ಲಿ ಅಲೆನ್ ಸ್ಕಾಟ್ ಅನ್ನೋರು ಲಾಸ್ ಏಂಜಲೀಸ್ ಸುತ್ತಲಿನ ಸರ್ಕ್ಯೂಟ್ ಬೋರ್ಡ್ ಕಾರ್ಖಾನೆಗಳನ್ನ ಇದೇ ಕಣ್ಣಿಂದ ನೋಡಿದ್ರು. ಸಣ್ಣ ಆರ್ಡರು, ಪದೇ ಪದೇ ಬದಲಾಗೋ ಕೆಲಸ, ಎದುರಾ ಎದುರು ಮಾತು ಬೇಕಾದ ವ್ಯವಹಾರ ಇದ್ದರೆ ದೂರ ಅನ್ನೋದು ದುಬಾರಿ, ಅದಕ್ಕೇ ಗುಂಪು ಕಟ್ತಾರೆ. ದೊಡ್ಡ ಆರ್ಡರು, ಒಂದೇ ಥರದ ಮಾಲು ಇದ್ದರೆ ದೂರ ಅಗ್ಗ, ಚದುರಿ ಹೋಗ್ತಾರೆ. ಅವರ ವಾದದ ತಿರುಳು ಇದು. ನನಗಂತೂ ಇದನ್ನ ಓದಿದಾಗ ಆ ಆಟೋ ಡ್ರೈವರನ್ನ ಹುಡುಕಿ ತೋರಿಸಬೇಕು ಅನ್ನಿಸ್ತು. ಅವನಿಗಂತೂ ಇದು ಮೊದಲೇ ಗೊತ್ತಿತ್ತು.

ಈ ಕನ್ನಡಕ ಹಾಕ್ಕೊಂಡು ನಮ್ಮ ಬೆಂಗಳೂರನ್ನ ನೋಡಿ. ಹಳೇ ಪೇಟೆಯ ಹೆಸರುಗಳೇ ಸಾಕ್ಷಿ: ಬಳೆಪೇಟೆ, ಅಕ್ಕಿಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ. ನಗರ್ತಪೇಟೆಯ ಗಲ್ಲಿಗಳಲ್ಲಿ ಚಿನ್ನ ಕರಗಿಸೋರು, ಹರಳು ಕೂರಿಸೋರು, ಪಾಲಿಶ್ ಮಾಡೋರು ಪಕ್ಕಪಕ್ಕದಲ್ಲೇ ಸಿಗ್ತಾರೆ. ಆಮೇಲೆ ಬಂದವು ಸರ್ಕಾರಿ ದೊಡ್ಡ ಕಾರ್ಖಾನೆಗಳು: 1940ರಲ್ಲಿ ಶುರುವಾದ ಎಚ್‌ಎಎಲ್, 1948ರ ಐಟಿಐ, ಜಾಲಹಳ್ಳಿಯಲ್ಲಿ 1953ರ ಎಚ್‌ಎಂಟಿ, 1954ರ ಬಿಇಎಲ್. ಇವು ಆದಷ್ಟೂ ಎಲ್ಲವನ್ನೂ ಒಳಗೇ ಮಾಡ್ಕೋಬೇಕು ಅನ್ನೋ ಕಾಲದವು. ಆದರೂ ಎರಡು ಕೆಲಸ ಮಾಡಿದವು: ಸಣ್ಣಪುಟ್ಟ ಭಾಗಗಳನ್ನ ಹೊರಗಿನವರಿಗೆ ಕೊಟ್ಟವು, ಸಾವಿರಾರು ಜನರಿಗೆ ಕೈಕೆಲಸ ಕಲಿಸಿದವು. ಅಲ್ಲಿ ಕಲಿತ ಅನೇಕರು ಹೊರಗೆ ಬಂದು ಒಂದು ಲೇತು ಹಾಕ್ಕೊಂಡು ಶೆಡ್ ತೆರೆದ್ರು. 1970ರ ದಶಕದಲ್ಲಿ ಪೀಣ್ಯ ಬೆಳೆದದ್ದು ಹೀಗೆ, ಜಾಲಹಳ್ಳಿಯ ಪಕ್ಕದಲ್ಲೇ. ಅದಕ್ಕೆ ಬೆನ್ನೆಲುಬಾಗಿ ತುಮಕೂರು ರಸ್ತೆಯಲ್ಲಿ 1962ರಿಂದ ಸಿಎಂಟಿಐ ಇತ್ತು. ಡೆನ್ಮಾರ್ಕಿನ ನೆರವಿಂದ 1972ರಲ್ಲಿ ರಾಜಾಜಿನಗರದಲ್ಲಿ ಜಿಟಿಟಿಸಿ ಬಂತು, ಟೂಲ್ ಅಂಡ್ ಡೈ ಕೆಲಸ ಕಲಿಸೋಕೆ.

ಬಿಡದಿಯ ಟೊಯೋಟಾದ್ದು ಬೇರೆ ಲೆಕ್ಕ. 1999ರಲ್ಲಿ ಅಲ್ಲಿ ತಯಾರಿಕೆ ಶುರುವಾಯ್ತು. ಅಲ್ಲಿ ದೊಡ್ಡ ಗಿರಾಕಿ ಒಬ್ಬನೇ, ಅವನ ಸುತ್ತ ಬಿಡಿಭಾಗದವರು ಬಂದು ಕೂರ್ತಾರೆ. ಕಾರ್ಖಾನೆ ಎಲ್ಲಿಗೆ ಹೋದರೆ ಅವರೂ ಅಲ್ಲಿಗೆ ಹೋದಾರು. ಇನ್ನು ನಮ್ಮ ಸಾಫ್ಟ್‌ವೇರು? 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗ ಅವರಿಗೆ ಬೇಕಿದ್ದದ್ದು ಪಕ್ಕದ ಶೆಡ್ಡಲ್ಲ, ಉಪಗ್ರಹದ ಸಂಪರ್ಕ. ನಂಟು ಇದ್ದದ್ದು ಅಮೆರಿಕದ ಜೊತೆ. ಅದಕ್ಕೇ ಐಟಿ ಕಂಪನಿಗಳಿಗೆ ಎಲೆಕ್ಟ್ರಾನಿಕ್ ಸಿಟಿಯೂ ಸರಿ, ವೈಟ್‌ಫೀಲ್ಡೂ ಸರಿ, ಎಲ್ಲಿ ಜಾಗ ಇತ್ತೋ ಅಲ್ಲಿಗೆ ಹೋದ್ರು. ಅವರನ್ನ ಒಂದೇ ಊರಿಗೆ ಕಟ್ಟಿಹಾಕಿರೋದು ನಾವು, ಅಂದರೆ ಕೆಲಸ ಬಿಟ್ಟು ಪಕ್ಕದ ಕಂಪನಿಗೆ ಹಾರೋ ಇಂಜಿನಿಯರುಗಳು! (ಇಲ್ಲಿ ನಗ್ತಾ ಇರೋರು ಎಷ್ಟು ಸಲ ಹಾರಿದ್ದೀರಿ ಅಂತ ನಾನು ಕೇಳಲ್ಲ.) ತೊಂದರೆ ಏನಂದ್ರೆ, ಈ ಐಟಿಯ ಅಳತೆಗೋಲಿಂದಲೇ ನಮ್ಮೋರು ಎಲ್ಲ ಉದ್ದಿಮೆಯನ್ನೂ ಅಳೀತಾರೆ. ಜಾಗ ಕೊಟ್ರೆ ಸಾಕು, ಬಂದು ಕೂರ್ತಾರೆ ಅಂತ.

ಹಾಗಾದ್ರೆ ಈ ನಂಟು ಕಡಿದರೆ ಏನಾಗುತ್ತೆ? ಅದಕ್ಕೂ ಈ ಊರೇ ಪಾಠ. 1960ರ ದಶಕದಲ್ಲಿ ಬರ್ಮಿಂಗ್‌ಹ್ಯಾಮಿನ ರಿಂಗ್ ರೋಡ್ ಕೆಲಸದಲ್ಲಿ ಗನ್ ಕ್ವಾರ್ಟರಿನ ಎಷ್ಟೋ ಕಟ್ಟಡಗಳು ನೆಲಸಮ ಆದವು. ಆ ಹೊತ್ತಿಗೆ ಬಂದೂಕಿನ ಕೆಲಸ ಮೊದಲೇ ಸೊರಗಿತ್ತು, ನಿಜ. ಆದರೆ ಸೊರಗಿದ್ದಕ್ಕೂ ಬೇರು ಕಿತ್ತದ್ದಕ್ಕೂ ವ್ಯತ್ಯಾಸ ಇದೆ. ಪಕ್ಕದ ಜ್ಯುವೆಲ್ಲರಿ ಕ್ವಾರ್ಟರಿನಲ್ಲಿ ನಗರಸಭೆಯವರು ಒಳ್ಳೇ ಮನಸ್ಸಿಂದಲೇ ಹಳೇ ವರ್ಕ್‌ಶಾಪುಗಳನ್ನ ಕೆಡವಿ ಹಾಕ್ಲಿ ಸೆಂಟರ್ ಅಂತ ಎತ್ತರದ ಕಟ್ಟಡ ಕಟ್ಟಿದ್ರು, 1971ರಲ್ಲಿ. ಈಗ ಅದನ್ನ ಬಿಗ್ ಪೆಗ್ ಅಂತಾರೆ. ಹೊಸ ಕಟ್ಟಡ, ಗಾಳಿ ಬೆಳಕು ಎಲ್ಲ ಚೆನ್ನಾಗಿತ್ತು. ಆದರೆ ಬಾಡಿಗೆ ಹಳೇ ಗೂಡುಗಳಿಗಿಂತ ಹೆಚ್ಚು. ಒಬ್ಬನೇ ಕೂತು ಹರಳು ಕೂರಿಸೋ ಕೆಲಸಗಾರ ಅದನ್ನ ಎಲ್ಲಿಂದ ಕೊಡ್ತಾನೆ? ದೊಡ್ಡವರಿಗೆ ಅವನು ಬೇಕು, ಆದರೆ ಅವನ ಬಾಡಿಗೆ ಯಾರೂ ಕಟ್ಟಲ್ಲ.

ಆದರೂ ಒಡವೆ ಕೇರಿ ಉಳೀತು, ಇವತ್ತಿಗೂ ಅಲ್ಲಿ ನೂರಾರು ಸಣ್ಣ ಉದ್ದಿಮೆಗಳಿವೆ. ಕಾರಣಗಳಲ್ಲಿ ಒಂದನ್ನ ಮಾತ್ರ ಹೇಳ್ತೀನಿ. ಹದಿನೆಂಟನೇ ಶತಮಾನದಲ್ಲಿ ಇಲ್ಲಿನವರು ಬೆಳ್ಳಿ ಸಾಮಾನು ಮಾಡಿದರೆ ಅದರ ಶುದ್ಧತೆ ಪರೀಕ್ಷೆಗೆ ಚೆಸ್ಟರಿಗೋ ಲಂಡನ್ನಿಗೋ ಕಳಿಸಬೇಕಿತ್ತು. ದಾರಿಯಲ್ಲಿ ಮಾಲು ಜಜ್ಜಿ ಹೋಗ್ತಿತ್ತು, ದಿನ ಹಾಳು. ಮ್ಯಾಥ್ಯೂ ಬೋಲ್ಟನ್ ಅನ್ನೋ ಉದ್ಯಮಿ ಪಾರ್ಲಿಮೆಂಟಿನ ತನಕ ಹೋಗಿ ಹಟ ಹಿಡಿದ, 1773ರಲ್ಲಿ ಬರ್ಮಿಂಗ್‌ಹ್ಯಾಮಿಗೆ ತನ್ನದೇ ಅಸ್ಸೇ ಆಫೀಸ್ ಬಂತು. ಬಂದೂಕಿನವರೂ ಹಾಗೇ 1813ರಲ್ಲಿ ನಳಿಗೆ ಪರೀಕ್ಷೆ ಮಾಡೋ ಪ್ರೂಫ್ ಹೌಸ್ ತರಿಸಿಕೊಂಡ್ರು. 1890ರಲ್ಲಿ ಒಡವೆ ಕೆಲಸ ಕಲಿಸೋ ಶಾಲೆ ಬಂತು. ಸರಪಳಿಯಲ್ಲಿ ಯಾವ ಕೊಂಡಿ ದೂರದಲ್ಲಿದೆಯೋ ಅದನ್ನೇ ಹತ್ತಿರಕ್ಕೆ ಎಳ್ಕೊಂಡ್ರು. ಅಸ್ಸೇ ಆಫೀಸು 2015ರಲ್ಲಿ ಹೊಸ ಕಟ್ಟಡಕ್ಕೆ ಹೋದಾಗಲೂ ಆ ಕೇರಿ ಬಿಟ್ಟು ಆಚೆ ಹೋಗಲಿಲ್ಲ.

ಈಗ ಪೀಣ್ಯಕ್ಕೆ ವಾಪಸ್. 2014ರಲ್ಲಿ ಮೆಟ್ರೋ ಬಂತು, ಸಂತೋಷ. ಅದರ ಜೊತೆ ಜಾಗದ ಬೆಲೆಯೂ ಏರಿತು. ಸ್ವಂತ ಶೆಡ್ ಇದ್ದೋರಿಗೆ ಲೇತು ಓಡಿಸೋದಕ್ಕಿಂತ ಗೋಡೌನಿಗೋ ಶೋರೂಮಿಗೋ ಬಾಡಿಗೆಗೆ ಕೊಡೋದು ಲಾಭ ಅನ್ನಿಸ್ತಿದೆ. ಮೊದಲು ಹೋಗೋದು ಯಾರು? ದೊಡ್ಡ ಸಿಎನ್‌ಸಿ ಮೆಷಿನ್ ಇಟ್ಟೋನಲ್ಲ. ಒಂದೇ ಕೆಲಸ ಮಾಡೋ, ಬಾಡಿಗೆ ಶೆಡ್ಡಿನ ಗ್ರೈಂಡಿಂಗಿನವನು. ಅವನೊಬ್ಬ ಹೋದರೆ ಅವನನ್ನ ನಂಬಿದ ಇಪ್ಪತ್ತು ಜನಕ್ಕೆ ಪೀಣ್ಯದಲ್ಲಿ ಇರೋ ಕಾರಣ ಒಂದು ಕಮ್ಮಿ ಆಯ್ತು.

ಇನ್ನೊಂದು ಕಷ್ಟದ ಪ್ರಶ್ನೆ, ಅದನ್ನ ಮುಚ್ಚಿಟ್ಟು ಮಾತಾಡೋದು ಸರಿಯಲ್ಲ. ಪ್ಲೇಟಿಂಗ್ ಶೆಡ್ಡುಗಳ ನೀರು. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರೋದು ಪರೀಕ್ಷೆಗಳಲ್ಲಿ ಕಂಡಿದೆ. ಅಲ್ಲಿ ಬೋರ್‌ವೆಲ್ ನೀರು ಬಳಸೋರೂ ನಮ್ಮೋರೇ. "ಪ್ಲೇಟಿಂಗ್ ಎಲ್ಲ ಊರಾಚೆ ಎತ್ತಂಗಡಿ ಮಾಡಿ" ಅನ್ನೋದು ಸುಲಭ, ನ್ಯಾಯ ಅಂತಲೂ ಕಾಣುತ್ತೆ. ಆದರೆ ಪ್ಲೇಟಿಂಗ್ ಒಂದನ್ನೇ ಕಿತ್ತರೆ ಮಿಕ್ಕ ಸರಪಳಿ ಕುಂಟುತ್ತೆ, ಹೋದ ಜಾಗದ ಹಳ್ಳಿಯ ಬಾವಿ ಕೆಡುತ್ತೆ. ನನ್ನ ಪ್ರಕಾರ ಆಗಬೇಕಾದ್ದು, ಪ್ಲೇಟಿಂಗಿನವರನ್ನೆಲ್ಲ ಪೀಣ್ಯದೊಳಗೇ ಒಂದು ಕಡೆ ಸೇರಿಸಿ, ಎಲ್ಲರಿಗೂ ಸೇರಿ ಒಂದು ನೀರು ಶುದ್ಧ ಮಾಡೋ ಘಟಕ, ಅದರ ಮೇಲೆ ಕಟ್ಟುನಿಟ್ಟಿನ ಕಣ್ಣು. ಒಂಟಿ ಶೆಡ್ಡಿನವನಿಗೆ ಆ ಖರ್ಚು ಹೊರೋಕೆ ಆಗಲ್ಲ, ಐವತ್ತು ಜನ ಸೇರಿದರೆ ಆಗುತ್ತೆ. ಒಟ್ಟಿಗೆ ಇರೋದರ ಲಾಭ ಮಾಲಿಗೆ ಮಾತ್ರ ಅಲ್ಲ, ಕೊಳಕು ತೊಳೆಯೋದಕ್ಕೂ ಉಂಟು.

ತುಮಕೂರಿನ ಆಚೆ ವಸಂತನರಸಾಪುರದಲ್ಲಿ ಸುಮಾರು 530 ಎಕರೆಯ ಮೆಷಿನ್ ಟೂಲ್ ಪಾರ್ಕ್ ಆಗಿದೆ. ನಾನು ಅದರ ವಿರೋಧಿ ಅಲ್ಲ. ಬೆಂಗಳೂರೊಂದೇ ಕರ್ನಾಟಕ ಅಲ್ಲ, ತುಮಕೂರಿನ ಹುಡುಗನಿಗೆ ತುಮಕೂರಲ್ಲೇ ಕೆಲಸ ಸಿಗಲಿ. ಆದರೆ ಅಲ್ಲಿಗೆ ಮೆಷಿನ್ ಕಟ್ಟೋ ದೊಡ್ಡ ಕಂಪನಿಗಳನ್ನ ಮಾತ್ರ ಕರೆದರೆ ಅದು ಬಿಎಸ್‌ಎ ಥರ ಆಗುತ್ತೆ, ಗನ್ ಕ್ವಾರ್ಟರ್ ಆಗಲ್ಲ. ಮೊದಲ ಸಾಲಿನಲ್ಲೇ ಹೀಟ್ ಟ್ರೀಟ್‌ಮೆಂಟಿನವನಿಗೆ, ಗ್ರೈಂಡಿಂಗಿನವನಿಗೆ, ಪ್ಲೇಟಿಂಗಿನವನಿಗೆ ಕಡಿಮೆ ಬಾಡಿಗೆಗೆ ಸಣ್ಣ ಕಟ್ಟಿದ ಶೆಡ್ ಕೊಡಬೇಕು. ಎಕರೆ ಲೆಕ್ಕದ ಸೈಟು ಕೊಂಡು ಕಟ್ಟಡ ಕಟ್ಟೋಕೆ ಅವರ ಹತ್ರ ದುಡ್ಡಿರಲ್ಲ. ಮತ್ತೆ ಒಬ್ಬೊಬ್ಬರನ್ನೇ ಅಲ್ಲ, ಒಬ್ಬರಿಗೊಬ್ಬರು ಕೆಲಸ ಕೊಡೋ ಗುಂಪನ್ನೇ ಒಟ್ಟಿಗೆ ಕರ್ಕೊಂಡು ಹೋಗಬೇಕು.

ಕನ್ನಡಿಗರಿಗೆ ಕೆಲಸ ಅನ್ನೋ ಮಾತು ಬಂದಾಗಲೆಲ್ಲ ನಾವು ದೊಡ್ಡ ಕಂಪನಿಯ ಶೇಕಡಾವಾರು ಲೆಕ್ಕಕ್ಕೆ ಇಳೀತೀವಿ. 2024ರ ಜುಲೈಯಲ್ಲಿ ಸಚಿವ ಸಂಪುಟ ಒಪ್ಪಿದ ಮಸೂದೆ ಕೆಲವೇ ದಿನದಲ್ಲಿ ತಡೆಹಿಡಿದದ್ದು ನಿಮಗೆಲ್ಲ ನೆನಪಿದೆ. ಆ ಚರ್ಚೆ ಇರಲಿ. ನಾನು ಪೀಣ್ಯದಲ್ಲಿದ್ದಾಗ ನಮ್ಮ ಮಾಲೀಕರು ಹಾಸನದ ಕಡೆಯೋರು, ಐಟಿಐ ಮುಗಿಸಿ ಬೇರೆಯವರ ಶೆಡ್ಡಿನಲ್ಲಿ ಲೇತು ಓಡಿಸ್ತಿದ್ದೋರು. ಒಂದು ಹಳೇ ಲೇತು ಕೊಂಡು ಸ್ವಂತಕ್ಕೆ ಶುರು ಮಾಡೋಕೆ ಅವರಿಗೆ ಆದದ್ದು ಹೇಗೆ? ಮಿಕ್ಕ ಮೆಷಿನ್ ಯಾವುದನ್ನೂ ಕೊಳ್ಳಬೇಕಿರಲಿಲ್ಲ, ಪಕ್ಕದ ಶೆಡ್ಡುಗಳಲ್ಲಿ ಎಲ್ಲ ಇತ್ತು. ಮೊದಲ ಆರ್ಡರ್ ಕೊಟ್ಟದ್ದು ಹಳೇ ಮಾಲೀಕರೇ. ಗ್ರೈಂಡಿಂಗಿನವರು ದುಡ್ಡಿಗೆ ಎರಡು ತಿಂಗಳು ಕಾದ್ರು. ಆ ವ್ಯವಹಾರ ಎಲ್ಲ ನಡೆದದ್ದು ಕನ್ನಡದಲ್ಲಿ, ಡ್ರಾಯಿಂಗ್ ಮಾತ್ರ ಇಂಗ್ಲಿಷಿನಲ್ಲಿ. ಇವತ್ತು ಅದೇ ಶೆಡ್ಡುಗಳಲ್ಲಿ ಬಿಹಾರದ, ಒಡಿಶಾದ ಹುಡುಗರೂ ಇದ್ದಾರೆ, ಅವರೂ ಮೆಷಿನ್ ಭಾಷೆಯ ಕನ್ನಡ ಕಲೀತಾರೆ. ಒಬ್ಬ ಕೆಲಸಗಾರ ಮಾಲೀಕ ಆಗೋ ದಾರಿ ಇಷ್ಟು ಕಡಿಮೆ ಬಂಡವಾಳದಲ್ಲಿ ಇನ್ನೆಲ್ಲಿದೆ?

ಈ ಕೂಟದಲ್ಲಿರೋ ನಿಮ್ಮಲ್ಲಿ ಕೆಲವರು ಇಲ್ಲಿನ ಕಂಪನಿಗಳ ಪರವಾಗಿ ಭಾರತದಿಂದ ಬಿಡಿಭಾಗ ತರಿಸೋ ಕೆಲಸದಲ್ಲಿದ್ದೀರಿ. ಊರಿಗೆ ಹೋದಾಗ ಹೋಟೆಲಿನ ಹೂಡಿಕೆದಾರರ ಸಭೆಗೆ ಹೋಗೋ ಬದಲು ಪೀಣ್ಯದಲ್ಲಿ ಒಂದು ದಿನ ಕಳೀರಿ. ನಿಮಗೆ ಕೊಟೇಶನ್ ಕೊಟ್ಟೋರನ್ನ ಒಂದೇ ಪ್ರಶ್ನೆ ಕೇಳಿ: ಹೀಟ್ ಟ್ರೀಟ್‌ಮೆಂಟಿಗೆ ಎಲ್ಲಿಗೆ ಕಳಿಸ್ತೀರಿ? ಆಮೇಲೆ ಆ ಶೆಡ್ಡಿಗೂ ಹೋಗಿ ಬನ್ನಿ, ಅವರ ಬಾಡಿಗೆ ಕರಾರು ಎಷ್ಟು ವರ್ಷಕ್ಕಿದೆ ಅಂತಲೂ ಕೇಳಿ.

ಮುಂದಿನ ಶನಿವಾರ ಬರೋಕೆ ಆಗೋರೆಲ್ಲ ಬನ್ನಿ, ಜ್ಯುವೆಲ್ಲರಿ ಕ್ವಾರ್ಟರ್ ನಡೆದು ನೋಡೋಣ. ವೈಸ್ ಸ್ಟ್ರೀಟಿನಲ್ಲಿ ಸ್ಮಿತ್ ಅಂಡ್ ಪೆಪ್ಪರ್ ಅನ್ನೋ ಒಡವೆ ಕಾರ್ಖಾನೆ 1981ರಲ್ಲಿ ಮುಚ್ಚಿದಾಗ ಹೇಗಿತ್ತೋ ಹಾಗೇ ಈಗ ಮ್ಯೂಸಿಯಂ ಆಗಿದೆ, ಮೇಜಿನ ಮೇಲಿನ ಉಪಕರಣ ಸಮೇತ. ಅಲ್ಲಿಂದ ಹೊರಗೆ ಬಂದು ಅಕ್ಕಪಕ್ಕದ ಬೀದಿಗಳ ಬಾಗಿಲ ಬೋರ್ಡುಗಳನ್ನ ಓದ್ತಾ ಹೋಗೋಣ: ಪಾಲಿಶಿಂಗ್, ಪ್ಲೇಟಿಂಗ್, ಸ್ಟೋನ್ ಸೆಟ್ಟಿಂಗ್, ಎನ್‌ಗ್ರೇವಿಂಗ್. ಚಕ್ಕಳಿ, ಕೋಡುಬಳೆ ನಾನು ತರ್ತೀನಿ. ಈಗ ಪ್ರಶ್ನೆಗಳಿದ್ರೆ ಕೇಳಿ.